ಮಿರರ್‌ಲೆಸ್ ರಿಗ್‌ಗೆ ಮಾನಿಟರ್, ಕೇಜ್: ಪರದೆಗಿಂತ ಮೊದಲು ಪೋರ್ಟ್ ನೋಡಿ

ವಿಡಿಯೋ ಶೂಟಿಗೆ ಕ್ಯಾಮೆರಾ ಜೊತೆ ಜೋಡಿಸುವ ಮಾನಿಟರ್ ಕೊಳ್ಳಲು ಹೊರಟವರು ಮೊದಲು ಪರದೆಯ ಅಳತೆ ನೋಡುತ್ತಾರೆ, ಆಮೇಲೆ ಅದರ ಪ್ರಖರತೆ. ಅದಕ್ಕೂ ಮೊದಲು ಕ್ಯಾಮೆರಾದ ಪಕ್ಕದ ಮುಚ್ಚಳ ತೆಗೆದು ಎಚ್‌ಡಿಎಂಐ ಪೋರ್ಟ್ ಯಾವ ಗಾತ್ರದ್ದೆಂದು ನೋಡಿಕೊಳ್ಳಿ. ಸೋನಿ ಎ7ಎಸ್ 3, ಪ್ಯಾನಾಸೋನಿಕ್ ಜಿಎಚ್6 ಕ್ಯಾಮೆರಾಗಳಲ್ಲಿ ಪೂರ್ಣ ಗಾತ್ರದ ಪೋರ್ಟ್ ಇದೆ. ನಿಕಾನ್ ಝಡ್6ರಲ್ಲಿ ಮಿನಿ. ಕ್ಯಾನನ್ ಆರ್6, ಫ್ಯೂಜಿ ಎಕ್ಸ್-ಟಿ4ರಲ್ಲಿ ಮೈಕ್ರೋ. ಕ್ಯಾಮೆರಾ, ಕೇಜ್, ಮಾನಿಟರ್ ಎಲ್ಲ ಸೇರಿದ ಇಡೀ ರಿಗ್‌ನಲ್ಲಿ ಎಲ್ಲಕ್ಕಿಂತ ಬೇಗ ಕೈಕೊಡುವುದು ಈ ಮೈಕ್ರೋ ಪೋರ್ಟ್. ಕೇಬಲ್ ಒಮ್ಮೆ ಜೋರಾಗಿ ಎಳೆದರೂ ಸಾಕು, ಬೋರ್ಡಿಗೆ ಬೆಸೆದ ಪೋರ್ಟ್ ಸಡಿಲವಾಗುತ್ತದೆ. ಆಮೇಲೆ ಕೇಬಲ್ ಅಲುಗಿದಾಗಲೆಲ್ಲ ಚಿತ್ರ ಹೋಗಿ ಬರುತ್ತದೆ. ರಿಪೇರಿಗೆ ಕ್ಯಾಮೆರಾ ಬಿಚ್ಚಲೇಬೇಕು.

ಹಾಗಾಗಿ ಮೈಕ್ರೋ ಪೋರ್ಟ್ ಇರುವವರು ಕೇಜ್ (ಕ್ಯಾಮೆರಾ ಸುತ್ತ ಕೂರುವ ಲೋಹದ ಚೌಕಟ್ಟು) ಆರಿಸುವಾಗ ಕೇಬಲ್ ಹಿಡಿದಿಡುವ ಕ್ಲ್ಯಾಂಪ್ ಇದೆಯೇ ಎಂದು ಮೊದಲು ಕೇಳಿ. ಅದು ನಿಮ್ಮ ಮಾಡೆಲ್‌ಗೆಂದೇ ಮಾಡಿದ್ದಾಗಿರಬೇಕು. ಕ್ಲ್ಯಾಂಪ್ ಪ್ಲಗ್‌ನ ದಪ್ಪ ಭಾಗವನ್ನು ಹಿಡಿಯಬೇಕು. ಬರೀ ತಂತಿಯನ್ನು ಹಿಡಿದರೆ ಪ್ರಯೋಜನ ಅರ್ಧ. ಕೇಬಲ್ 30ರಿಂದ 45 ಸೆಂ.ಮೀ. ಉದ್ದ, ತೆಳುವಾಗಿ, ಸುಲಭವಾಗಿ ಬಾಗುವಂತಿರಲಿ. ಗಟ್ಟಿ ಕೇಬಲ್ ತಾನೇ ಸನ್ನೆಯಂತೆ ಪೋರ್ಟನ್ನು ತಿರುಚುತ್ತದೆ. 90 ಡಿಗ್ರಿ ಬಾಗಿದ ಪ್ಲಗ್ ಚೆನ್ನಾಗಿ ಕಂಡರೂ ಅದು ಯಾವ ಕಡೆಗೆ ಬಾಗುತ್ತದೆ ಎಂದು ನೋಡದೆ ಕೊಂಡರೆ, ಪಕ್ಕಕ್ಕೆ ತೆರೆಯುವ ಪರದೆಯ ಕೀಲಿಗೆ ತಾಗಿ ನಿಲ್ಲಬಹುದು.

ಕೇಜ್ ವಿಷಯದಲ್ಲಿ ಎಲ್ಲ ಕ್ಯಾಮೆರಾಗೂ ಹೊಂದುತ್ತದೆ ಎನ್ನುವ ಮಾಲು ಬೇಡ. ತಳದಲ್ಲಿ ಒಂದೇ 1/4 ಇಂಚಿನ ಸ್ಕ್ರೂ ಇರುವ ಕೇಜ್‌ನಲ್ಲಿ ಕ್ಯಾಮೆರಾ ನಿಧಾನವಾಗಿ ತಿರುಗುತ್ತದೆ, ಮೇಲಿನ ಹ್ಯಾಂಡಲ್ ಹಿಡಿದು ಎತ್ತಿದಾಗ ಅಲುಗಾಡುತ್ತದೆ. ತಳದ ಸ್ಕ್ರೂ ಜೊತೆಗೆ ಬೆಲ್ಟ್ ಕೊಂಡಿಯ ಬಳಿಯೋ ಹಾಟ್ ಶೂ (ಕ್ಯಾಮೆರಾ ನೆತ್ತಿಯ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ) ಬಳಿಯೋ ಎರಡನೇ ಹಿಡಿತ ಇರಬೇಕು. ಕೇಜ್ ಹಾಕಿದ ಮೇಲೆ ಬ್ಯಾಟರಿ ಬಾಗಿಲು, ಕಾರ್ಡ್ ಬಾಗಿಲು ಪೂರ್ತಿ ತೆರೆಯುತ್ತವೆಯೇ, ಪರದೆ ಹೊರಳುತ್ತದೆಯೇ, ಮೈಕ್ ಜ್ಯಾಕ್ ಕೈಗೆ ಸಿಗುತ್ತದೆಯೇ ಎಂದು ನೋಡಿ. ಫ್ಯಾನ್ ಇರುವ ಕ್ಯಾಮೆರಾ ಆದರೆ ಗಾಳಿಕಿಂಡಿ ಮುಚ್ಚಿಹೋಗಿರಬಾರದು. ಅಲುಗಾಟ ತಡೆಯುವ ಗಿಂಬಲ್ ಮೇಲೇ ಹೆಚ್ಚು ಕೆಲಸ ಮಾಡುವವರಿಗೆ ಅರ್ಧ ಕೇಜ್ ಸಾಕು, ತೂಕವೂ ಉಳಿಯುತ್ತದೆ. ಮುಂದೆ ಫಾಲೋ ಫೋಕಸ್ (ಫೋಕಸ್ ತಿರುಗಿಸುವ ಚಕ್ರ), ಮ್ಯಾಟ್ ಬಾಕ್ಸ್ (ಲೆನ್ಸ್ ಮುಂದೆ ಬೇಡದ ಬೆಳಕು ತಡೆಯುವ ಪೆಟ್ಟಿಗೆ) ಸೇರಿಸುವ ಯೋಚನೆಯಿದ್ದರೆ ಅವನ್ನು ಹೊರುವ 15 ಮಿ.ಮೀ. ರಾಡ್‌ಗಳಿಗೆ ಬೇಸ್‌ಪ್ಲೇಟ್ ಕೂರುತ್ತದೆಯೇ ಕೇಳಿ. ಈ ಪದ್ಧತಿಯಲ್ಲಿ ಎರಡು ರಾಡ್‌ಗಳ ನಡುವಿನ ಅಂತರ ಕೇಂದ್ರದಿಂದ ಕೇಂದ್ರಕ್ಕೆ 60 ಮಿ.ಮೀ.

ಮಾನಿಟರನ್ನು ಕ್ಯಾಮೆರಾದ ಹಾಟ್ ಶೂ ಮೇಲೆ ಕೂರಿಸಬೇಡಿ. ಆ ಶೂ ಇರುವುದು ಫ್ಲ್ಯಾಶ್, ಮೈಕ್‌ಗೆ. ಬ್ಯಾಟರಿ ಹೊತ್ತ 7 ಇಂಚಿನ ಪರದೆಯ ಭಾರಕ್ಕಲ್ಲ. ಕೇಜ್ ಮೇಲೆ ಕೂರಿಸುವಾಗಲೂ ಒಂಟಿ ಸ್ಕ್ರೂ ಇರುವ ತಿರುಗುಮೌಂಟ್ ಸ್ವಲ್ಪ ಹೊತ್ತಿಗೆ ಸಡಿಲವಾಗುತ್ತದೆ. ಸ್ಕ್ರೂ ಪಕ್ಕದಲ್ಲಿ ಎರಡು ಪುಟ್ಟ ಪಿನ್‌ಗಳಿರುವ, ಆರಿ ಶೈಲಿಯ 3/8 ಇಂಚಿನ ಮೌಂಟ್ ಅಥವಾ ನೇಟೋ ರೈಲ್ (ಕ್ಲ್ಯಾಂಪ್ ಜಾರಿಸಿ ಬಿಗಿಯುವ ಲೋಹದ ಪಟ್ಟಿ) ಆರಿಸಿ, ತಿರುಗುವ ತಲೆನೋವೇ ಇರುವುದಿಲ್ಲ. ಆದರೂ ಸಡಿಲವಾಗುವ ಸ್ಕ್ರೂ ಇದ್ದರೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಹಿಡಿದಿಡುವ ಅಂಟು) ಒಂದು ಹನಿ ಸಾಕು. ಕೆಂಪು ಹಾಕಿದರೆ ಬಿಸಿ ಮಾಡದೆ ಬಿಚ್ಚಲಾಗದು.

ಈಗ ಪರದೆ. ಒಬ್ಬರೇ ಶೂಟ್ ಮಾಡುವುದಾದರೆ 5 ಅಥವಾ 5.5 ಇಂಚು, ಪಕ್ಕದಲ್ಲಿ ಇನ್ನೊಬ್ಬರು ಫೋಕಸ್ ನೋಡುವುದಾದರೆ 7 ಇಂಚು. ಒಳಾಂಗಣಕ್ಕೆ 400–500 ನಿಟ್ಸ್ (ಪ್ರಖರತೆಯ ಅಳತೆ) ನಡೆಯುತ್ತದೆ. ಹೊರಗೆ ನೆರಳಿನಲ್ಲಿ 1000 ಬೇಕು. ನೇರ ಬಿಸಿಲಿಗೆ 2000 ಇದ್ದರೂ ಹುಡ್ ಹಾಕಿದರೇ ಒಳ್ಳೆಯದು. 5 ಇಂಚಿನಲ್ಲಿ 1920x1080 ಧಾರಾಳವಾಯಿತು. ಆ ಅಳತೆಯಲ್ಲಿ 4ಕೆ ಪರದೆ ಹುಡುಕುವುದು ದಂಡ. ಬೇಕಾದದ್ದು 4ಕೆ ಸಿಗ್ನಲ್ ಒಳಗೆ ತೆಗೆದುಕೊಳ್ಳುವ ಸಾಮರ್ಥ್ಯ, ಅದೂ ನೀವು ಬಳಸುವ ಫ್ರೇಮ್ ರೇಟ್‌ನಲ್ಲಿ.

ವೇವ್‌ಫಾರ್ಮ್ (ಬೆಳಕಿನ ಮಟ್ಟದ ನಕ್ಷೆ), ಫಾಲ್ಸ್ ಕಲರ್ (ಬೆಳಕಿನ ಮಟ್ಟವನ್ನು ಬಣ್ಣಗಳಲ್ಲಿ ತೋರಿಸುವುದು), ಫೋಕಸ್ ಪೀಕಿಂಗ್ (ಫೋಕಸ್ ಆದ ಅಂಚುಗಳನ್ನು ಎತ್ತಿ ತೋರಿಸುವುದು), ಲಟ್ (ಚಿತ್ರದ ಬಣ್ಣ, ಬೆಳಕು ಬದಲಿಸಿ ತೋರಿಸುವ ಫೈಲ್) ಹಾಕುವ ಸೌಲಭ್ಯ ಇವು ನಾಲ್ಕೂ ಇರಲೇಬೇಕು. ಎಡವುವುದು ಇಲ್ಲಿಯೇ: ಫಾಲ್ಸ್ ಕಲರ್ ಲಟ್ ಹಾಕುವ ಮೊದಲಿನ ಸಿಗ್ನಲ್ ಓದುತ್ತದೆಯೋ, ಹಾಕಿದ ಮೇಲಿನದ್ದೋ ಎಂಬುದು ಮಾನಿಟರ್‌ನಿಂದ ಮಾನಿಟರ್‌ಗೆ ಬೇರೆ. ಸೋನಿಯ ಮಂಕಾಗಿ ಕಾಣುವ ರೆಕಾರ್ಡಿಂಗ್ ವಿಧಾನ ಎಸ್-ಲಾಗ್3ರಲ್ಲಿ 18% ಬೂದು ಸಿಗ್ನಲ್ ಮಟ್ಟದ 41%ರಲ್ಲೂ, 90% ಬಿಳುಪು 61%ರಲ್ಲೂ ಕೂರುತ್ತದೆ. ಮಾಮೂಲಿ ವಿಡಿಯೋ ಲೆಕ್ಕದಲ್ಲಿ ಓದಿದರೆ ಬಿಳಿ ಅಂಗಿ ಮಂಕಾಗಿದೆ ಎನಿಸಿ ಬೇಕಿಲ್ಲದೆ ಎಕ್ಸ್‌ಪೋಷರ್ ಏರಿಸಿಬಿಡುತ್ತೀರಿ. ಲಟ್ ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ ನೋಡಿ. ಫಾಲ್ಸ್ ಕಲರ್ ಬಣ್ಣಗಳು ಬದಲಾದರೆ ಅದು ಓದುತ್ತಿರುವುದು ಲಟ್ ನಂತರದ ಚಿತ್ರವನ್ನು.

ವಿದ್ಯುತ್ತಿಗೆ ಹೆಚ್ಚಿನ ಮಾನಿಟರ್‌ಗಳು ಸೋನಿ ಮಾದರಿಯ ಎನ್‌ಪಿ-ಎಫ್ ಬ್ಯಾಟರಿ ಬಳಸುತ್ತವೆ. ದೊಡ್ಡದಾದ ಎಫ್970 ಸುಮಾರು 47 ವಾಟ್-ಅವರ್, ಚಿಕ್ಕದಾದ ಎಫ್550 ಅದರ ಮೂರನೇ ಒಂದು ಭಾಗ. ಮಾನಿಟರ್ ಎಷ್ಟು ವಾಟ್ ಎಳೆಯುತ್ತದೆ ಎಂದು ನೋಡಿ ಭಾಗಿಸಿ: 18 ವಾಟ್‌ನ ಪ್ರಖರ 7 ಇಂಚಿನ ಪರದೆಗೆ ಎಫ್970 ಎರಡೂವರೆ ಗಂಟೆ, 8 ವಾಟ್‌ನ 5 ಇಂಚಿನದಕ್ಕೆ ಎಫ್550 ಎರಡು ಗಂಟೆಗೂ ಸ್ವಲ್ಪ ಕಡಿಮೆ. ಬ್ಯಾಟರಿ ಹಳೆಯದಾದಷ್ಟು ಇನ್ನೂ ಕಡಿಮೆ. ಬ್ಯಾಟರಿ ಪ್ಲೇಟ್‌ನಿಂದ ಡಮ್ಮಿ ಬ್ಯಾಟರಿಗೆ (ಕ್ಯಾಮೆರಾದ ಬ್ಯಾಟರಿ ಜಾಗದಲ್ಲಿ ಕೂರುವ, ತಂತಿಯಿರುವ ಖಾಲಿ ಬ್ಯಾಟರಿ) ವಿದ್ಯುತ್ ಕೊಡುವವರು ವೋಲ್ಟೇಜ್, ಪ್ಲಸ್-ಮೈನಸ್ ಎರಡನ್ನೂ ನೋಡಿಕೊಳ್ಳಬೇಕು. ಪಿನ್ ಹೊಂದಿತೆಂದ ಮಾತ್ರಕ್ಕೆ ವೋಲ್ಟೇಜ್ ಹೊಂದುವುದಿಲ್ಲ.

ಜೋಡಿಸುವಾಗ ಎರಡೂ ಉಪಕರಣಗಳಿಗೆ ವಿದ್ಯುತ್ ಕೊಟ್ಟ ಮೇಲೆ ಎಚ್‌ಡಿಎಂಐ ಸಿಕ್ಕಿಸಿ, ಬಿಚ್ಚುವಾಗ ಎಚ್‌ಡಿಎಂಐ ಮೊದಲು ತೆಗೆಯಿರಿ. ಚಿತ್ರದ ಮೇಲೆ ಕ್ಯಾಮೆರಾದ ಅಕ್ಷರಗಳು ಬಂದರೆ ಮೆನುವಿನಲ್ಲಿ ಎಚ್‌ಡಿಎಂಐ ಮಾಹಿತಿ ತೋರಿಸುವುದನ್ನು ಆಫ್ ಮಾಡಿ. ಏನೂ ಬರದಿದ್ದರೆ ಔಟ್‌ಪುಟ್ ರೆಸಲ್ಯೂಷನ್ 1080ಪಿಗೆ ಇಳಿಸಿ ನೋಡಿ. ಆಗ ಬಂದರೆ 4ಕೆ ಸಿಗ್ನಲ್ ಹೊರಲಾಗದ ಕೇಬಲ್ ಅಥವಾ ಅದನ್ನು ತೆಗೆದುಕೊಳ್ಳದ ಮಾನಿಟರ್, ಎರಡರಲ್ಲೊಂದು ಕಾರಣ. ಮಾನಿಟರ್‌ನ ಸ್ಪೆಕ್ಸ್‌ನಲ್ಲಿ ನಿಮ್ಮ ಫ್ರೇಮ್ ರೇಟ್ ಇದ್ದರೆ ಕೇಬಲ್ ಬದಲಿಸಿ.