ವರ್ಮೀರನ ಹುಡುಗಿಯನ್ನು ನಕಲು ಮಾಡುತ್ತ ತೈಲವರ್ಣದ ಭಾವಚಿತ್ರ ಕಲಿಯುವುದು ಹೇಗೆ?

ತೈಲವರ್ಣದಲ್ಲಿ ಮುಖ ಚಿತ್ರಿಸುವುದನ್ನು ಕಲಿಯಲು ಹಳೆಯ ಕಲಾವಿದರ ಕೃತಿಯೊಂದನ್ನು ಆದ್ಯಂತ ನಕಲು ಮಾಡುವುದು ಯುರೋಪಿನಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಮೊದಲ ಪ್ರಯತ್ನಕ್ಕೆ ಡಚ್ ಕಲಾವಿದ ಯೊಹಾನೆಸ್ ವರ್ಮೀರ್ ಸುಮಾರು 1665ರಲ್ಲಿ ರಚಿಸಿದ ‘ಮುತ್ತಿನ ಓಲೆಯ ಹುಡುಗಿ’ ಸೂಕ್ತ. ಅದರಲ್ಲಿ ಒಂದೇ ಮುಖ, ಎಡದಿಂದ ಬೀಳುವ ಒಂದೇ ಬೆಳಕು, ಕೈಬೆರಳುಗಳ ತಾಪತ್ರಯವಿಲ್ಲ. ಮೂಲಕೃತಿ ಹೇಗ್ ನಗರದ ಮೌರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿದ್ದು, ಅದರ ಸ್ಪಷ್ಟವಾದ ಛಾಯಾಚಿತ್ರ ಅಂತರ್ಜಾಲದಲ್ಲಿ ಸಿಗುತ್ತದೆ. ಅಗ್ಗದ ಮುದ್ರಿತ ಪ್ರತಿಯನ್ನು ನೆಚ್ಚಬಾರದು, ಏಕೆಂದರೆ ನೆರಳಿನ ಸೂಕ್ಷ್ಮಗಳೆಲ್ಲ ಅದರಲ್ಲಿ ಮಸಿಯಾಗಿ ಬಿಟ್ಟಿರುತ್ತವೆ.

ಮೂಲದ ಅಳತೆ 44.5 x 39 ಸೆಂ.ಮೀ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಕುಳಿತು ನಕಲು ಮಾಡುವವರು ಮೂಲದ ಅಳತೆಯನ್ನೇ ಬಳಸುವಂತಿಲ್ಲ. ಮನೆಯಲ್ಲಿ ಕಲಿಯುವವರಿಗೆ ಆ ಕಟ್ಟುಪಾಡಿಲ್ಲವಾದ್ದರಿಂದ ಅದೇ ಅಳತೆಯ ಕ್ಯಾನ್ವಾಸನ್ನೇ ಆರಿಸಿಕೊಂಡು, ಹಿಂಬದಿಯಲ್ಲಿ ‘ನಕಲು’ ಎಂದು ಬರೆದಿಡಿ.

ಕ್ಯಾನ್ವಾಸಿಗೆ ಮೊದಲು ತಿಳಿ ಕಂದು ಬಣ್ಣವನ್ನು ತೆಳುವಾಗಿ ಬಳಿದು ಒಣಗಿಸಿ. ಬಿಳಿ ಮೈಮೇಲೆ ನೇರವಾಗಿ ಶುರುಮಾಡಿದರೆ ಹಚ್ಚಿದ ಬಣ್ಣವೆಲ್ಲ ಗಾಢವಾಗಿಯೇ ಕಾಣಿಸಿ ಅಂದಾಜು ತಪ್ಪುತ್ತದೆ. ಬಳಿಕ ಛಾಯಾಚಿತ್ರದ ಮೇಲೂ ಕ್ಯಾನ್ವಾಸಿನ ಮೇಲೂ ಒಂದೇ ಲೆಕ್ಕದ ಚೌಕಗಳನ್ನು ಹಾಕಿಕೊಂಡು ಇದ್ದಿಲ ಕಡ್ಡಿಯಿಂದ ತಲೆಯ ಓರೆ, ಕಣ್ಣುಗಳ ಸಾಲು, ಪೇಟದ ಅಂಚುಗಳನ್ನು ಮಾತ್ರ ಗುರುತಿಸಿ.

ಇನ್ನು ಒಳಪದರ. ಕಂದು ಮತ್ತು ಕಪ್ಪು ಬಣ್ಣಗಳನ್ನು ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿ ನೆರಳು-ಬೆಳಕುಗಳನ್ನಷ್ಟೇ ಕೂಡಿಸಬೇಕು. ವರ್ಮೀರನೂ ಈ ಚಿತ್ರವನ್ನು ಹೀಗೆಯೇ ಆರಂಭಿಸಿದ್ದ. ಕಣ್ಣು ಕಿರಿದಾಗಿಸಿ ನೋಡಿದಾಗ ಈ ಹಂತದಲ್ಲೇ ಮುಖ ಉಬ್ಬಿ ಬರದಿದ್ದರೆ ಮೇಲೆ ಎಷ್ಟು ಬಣ್ಣ ಹಚ್ಚಿಯೂ ಪ್ರಯೋಜನವಿಲ್ಲ. ಮುಂದಿನ ಪದರಗಳಲ್ಲಿ ಟರ್ಪೆಂಟೈನ್ ತಗ್ಗಿಸಿ ಅಗಸೆ ಎಣ್ಣೆಯನ್ನು ಹೆಚ್ಚಿಸುತ್ತ ಹೋಗಬೇಕು, ಇಲ್ಲವಾದರೆ ಬಣ್ಣ ಬಿರುಕು ಬಿಡುತ್ತದೆ.

ಮೈಬಣ್ಣಕ್ಕೆ ಬಿಳಿ, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕೆಂಪು ಮತ್ತು ಚೂರು ಕಂದು ಸಾಕು. ವರ್ಮೀರ್ ಬಳಸಿದ ಸೀಸದ ಬಿಳಿ ವಿಷವಾದ್ದರಿಂದ ಟೈಟಾನಿಯಂ ವೈಟ್ ಸಾಕು. ಪೇಟದ ನೀಲಿಗೆ ಅಂದು ಅಫ್ಘಾನಿಸ್ತಾನದ ಕಲ್ಲನ್ನು ಅರೆಯಬೇಕಾಗಿತ್ತು. ಇಂದು ಅಲ್ಟ್ರಾಮರೀನ್ ಟ್ಯೂಬಿನಲ್ಲಿದೆ.

ಈ ಚಿತ್ರದ ನಿಜವಾದ ಪಾಠವಿರುವುದು ಮೂಗಿನಲ್ಲಿ. ಮೂಗಿನ ಅಂಚಿಗೂ ಅದರಾಚೆಯ ಕೆನ್ನೆಗೂ ನಡುವೆ ಗೆರೆಯೇ ಇಲ್ಲ. ಎರಡೂ ಒಂದೇ ಬಣ್ಣದಲ್ಲಿ ಬೆರೆತುಹೋಗಿವೆ. ಕಲಿಯುವವರ ಕೈ ಅಲ್ಲಿ ತಾನಾಗಿಯೇ ಗೆರೆ ಎಳೆಯುತ್ತದೆ, ಏಕೆಂದರೆ ನಾವು ಕಂಡದ್ದಕ್ಕಿಂತ ತಿಳಿದದ್ದನ್ನು ಬಿಡಿಸುವುದೇ ಹೆಚ್ಚು. ಬಣ್ಣ ಹಸಿಯಾಗಿರುವಾಗಲೇ ಒಣ ಮೆದು ಬ್ರಷ್ಷಿನಿಂದ ಅಂಚನ್ನು ಹಗುರಾಗಿ ಸವರಿ ಕರಗಿಸಬೇಕು.

ಹಿನ್ನೆಲೆ ಬರಿಯ ಕಪ್ಪಲ್ಲ. 2018ರಲ್ಲಿ ನಡೆದ ಪರೀಕ್ಷೆಯಲ್ಲಿ ಅಲ್ಲಿ ಹಸಿರು ಪರದೆಯಿದ್ದುದು ತಿಳಿದುಬಂತು; ಕಾಲಕ್ರಮೇಣ ಅದರ ಬಣ್ಣ ಮಾಸಿದೆ. ಆದ್ದರಿಂದ ಒಣಗಿದ ಕಪ್ಪಿನ ಮೇಲೆ ಹಸಿರನ್ನು ಎಣ್ಣೆಯಲ್ಲಿ ತಿಳಿಯಾಗಿಸಿ ಒಂದು ಪದರ ಹಾಯಿಸುವುದು ಒಳ್ಳೆಯದು.

ಮುತ್ತನ್ನು ಕೊನೆಗೆ ಮುಟ್ಟಿ. ಅದಕ್ಕೆ ಕೊಂಡಿಯಾಗಲಿ ಪೂರ್ತಿ ಅಂಚಾಗಲಿ ಇಲ್ಲ. ಮೇಲೊಂದು ದಪ್ಪ ಬಿಳಿ ಚುಕ್ಕೆ, ಕೆಳಗೆ ಕೊರಳಪಟ್ಟಿಯ ಮಂದ ಪ್ರತಿಫಲನ, ಅಷ್ಟೆ.

ವಾರ್ನಿಷ್ ಹಚ್ಚಲು ಕನಿಷ್ಠ ಆರು ತಿಂಗಳು ತಾಳಬೇಕು. ಕೆಲಸ ಮಾಡುವಾಗ ಕಿಟಕಿ ತೆರೆದಿಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳು ಮುದ್ದೆಯಾಗಿ ಬಿದ್ದಿದ್ದರೆ ತಾವೇ ಕಾದು ಹೊತ್ತಿಕೊಳ್ಳಬಹುದಾದ್ದರಿಂದ ಅವನ್ನು ಹರಡಿ ಒಣಗಿಸಿಯೇ ಎಸೆಯಿರಿ.