ಕಲ್ಲು ಮೊದಲು, ಬೆಲ್ಲ ಆಮೇಲೆ

ಇಲಿಯ ತಲೆಬುರುಡೆ ಬಿಡಿಸಿ ಮಿದುಳನ್ನು ಹೊರತೆಗೆಯಲು ಮೊದಮೊದಲು ನನಗೆ ಆರು ನಿಮಿಷ ಬೇಕಾಗುತ್ತಿತ್ತು. ಈಗ ಎರಡರೊಳಗೆ ಮುಗಿಯುತ್ತದೆ. ಮಂಜುಗಡ್ಡೆಯ ಮೇಲಿಟ್ಟ ಗಾಜಿನ ತಟ್ಟೆಯಲ್ಲಿ ಎರಡು ಅರ್ಧಗೋಳಗಳನ್ನು ಬೇರ್ಪಡಿಸಿ, ಮೇಲಿನ ಕಾರ್ಟೆಕ್ಸನ್ನು ಚಿಮುಟದಿಂದ ಮೆಲ್ಲಗೆ ಮಗುಚಿದರೆ ಒಳಗೆ ಬಾಗಿದ ಗೋಡಂಬಿಯಂತೆ ಹಿಪೊಕ್ಯಾಂಪಸ್ ಮಲಗಿರುತ್ತದೆ. ನೆನಪು ಕೂಡಿಕೊಳ್ಳಲು ಬೇಕಾದ ಭಾಗ ಇದು. ಬೆಳಗಾವಿಯಲ್ಲಿ ನನ್ನ ಪಿಎಚ್‌.ಡಿ. ಪೂರ್ತಿ ಈ ಗೋಡಂಬಿಯ ಸುತ್ತಲೇ ನಡೆದಿದೆ.

ಚರ್ಮದ ಕೋಶದಲ್ಲೂ ನರಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಇಪ್ಪತ್ತು ಸಾವಿರದಷ್ಟು ಜೀನ್‌ಗಳಲ್ಲಿ ಯಾವುದು, ಎಲ್ಲಿ, ಎಷ್ಟು ದುಡಿಯಬೇಕು ಎಂಬುದರಲ್ಲಿದೆ ವ್ಯತ್ಯಾಸ. ದಿನಕ್ಕೆ ಎರಡು ಗಂಟೆಯಂತೆ 21 ದಿನ ಇಕ್ಕಟ್ಟಾದ ಕೊಳವೆಯಲ್ಲಿ ಕೂರಿಸಿ ಒತ್ತಡಕ್ಕೆ ಒಡ್ಡಿದ ಇಲಿಯಲ್ಲಿ, ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಜೀನ್ ಏನಾಗುತ್ತದೆ? ಇದು ನನ್ನ ಪ್ರಶ್ನೆ. (ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಪಡೆಯುವಷ್ಟರಲ್ಲಿ ಒತ್ತಡ ನನಗೇ ಬಂದಿತ್ತು.) ಈ ಜೀನ್‌ನ ಓದು ಶುರುವಾಗಲು ಜಾಗಗಳು ಹಲವು. ಎಲ್ಲಿಂದ ಶುರುವಾದರೂ ಕೊನೆಯ ಒಂಬತ್ತನೇ ಎಕ್ಸಾನ್ (ಓದಿನಲ್ಲಿ ಉಳಿಯುವ ಜೀನ್‌ನ ತುಣುಕು) ಇದ್ದೇ ಇರುತ್ತದೆ. ಹಾಗಾಗಿ ಒಟ್ಟು ಮೊತ್ತಕ್ಕೆ ಒಂಬತ್ತನೆಯದನ್ನೂ, ನರಕೋಶದ ಚಟುವಟಿಕೆಗೆ ಬೇಗ ಓಗೊಡುವ ಭಾಗಕ್ಕೆ ನಾಲ್ಕನೆಯದನ್ನೂ ಅಳೆದೆ.

ಅಳೆಯುವುದು ಆರ್‌ಎನ್‌ಎ, ಅಂದರೆ ದುಡಿಯುವ ಜೀನ್‌ನಿಂದ ಹೊರಡುವ ನಕಲು. ಅದನ್ನು ಕತ್ತರಿಸುವ ಕಿಣ್ವ ನಮ್ಮ ಬೆರಳ ತುದಿಯಲ್ಲೇ ಇರುತ್ತದೆ. ಕೈಗವಸು ಹಾಕಿದ ಕೈಯಿಂದ ಮೂಗು ಮುಟ್ಟಿಕೊಂಡರೂ ಕೆಲಸ ಕೆಟ್ಟಂತೆ. ಆರ್‌ಎನ್‌ಎ ಕೆಟ್ಟಿಲ್ಲವೆಂದು ನೋಡಲು ಅದನ್ನು ಜೆಲ್‌ನಲ್ಲಿ ಓಡಿಸಿದಾಗ 28ಎಸ್, 18ಎಸ್ ಎಂಬ ಎರಡು ಪಟ್ಟಿಗಳು ಸ್ಪಷ್ಟವಾಗಿ ಕಂಡು, ಮೇಲಿನದು ಕೆಳಗಿನದರ ಎರಡರಷ್ಟು ಬೆಳಗಿದರೆ ಮಾತ್ರ ಮುಂದೆ ಹೋಗುತ್ತಿದ್ದೆ.

ಮುಂದೆ ಕ್ಯೂಪಿಸಿಆರ್: ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲಿಸಿ, ಅದನ್ನು ಯಂತ್ರದಲ್ಲಿ ಸುತ್ತು ಸುತ್ತಾಗಿ ಹೆಚ್ಚಿಸುತ್ತ ಅಳೆಯುವ ವಿಧಾನ. ಪ್ರತಿ ಸುತ್ತಿನಲ್ಲಿ ಪ್ರತಿಗಳು ಇಮ್ಮಡಿಯಾಗುತ್ತವೆ. ಪ್ರತಿಗಳು ಹೆಚ್ಚಿದಂತೆ ಹೆಚ್ಚುವ ಬೆಳಕು ಯಾವ ಸುತ್ತಿನಲ್ಲಿ ಗೊತ್ತುಮಾಡಿದ ಗೆರೆ ದಾಟಿತು ಎಂಬ ಸಂಖ್ಯೆಯೇ ಸಿಟಿ. ಸಂಖ್ಯೆ ಏರಿದಷ್ಟೂ ಜೀನ್ ತಗ್ಗಿದೆ ಎಂದರ್ಥ. ಆದರೆ ಒಂದೊಂದು ಕೊಳವೆಗೆ ಬಿದ್ದ ಆರ್‌ಎನ್‌ಎಯಲ್ಲೇ ಹೆಚ್ಚುಕಡಿಮೆ ಇರುತ್ತದಲ್ಲ, ಅದಕ್ಕಾಗಿ ಬದಲಾಗದ ಇನ್ನೊಂದು ಜೀನನ್ನು ಜೊತೆಗೆ ಅಳೆದು ಅದರೊಂದಿಗೆ ಹೋಲಿಸುತ್ತೇವೆ. ಲ್ಯಾಬಿನಲ್ಲಿ ನನ್ನ ಹಿರಿಯರೆಲ್ಲ ಇದಕ್ಕೆ ಜಿಎಪಿಡಿಎಚ್ ಎಂಬ ಜೀನನ್ನು ಬಳಸಿದ್ದರು. ನಾನೂ ಕಣ್ಣುಮುಚ್ಚಿ ಅದನ್ನೇ ಬಳಸಿದೆ.

ಒತ್ತಡದ ಇಲಿಗಳಲ್ಲಿ ಬಿಡಿಎನ್‌ಎಫ್ ಮೂರನೇ ಒಂದರಷ್ಟು ಏರಿತ್ತು! ಹಿಂದಿನ ಪ್ರಬಂಧಗಳು ಇಳಿಯುತ್ತದೆ ಎನ್ನುತ್ತಿದ್ದವು. ಹೊಸದೇನೋ ಸಿಕ್ಕಿತೆಂದು ಹಿಗ್ಗಿ ಅಧ್ಯಾಯಕ್ಕೆ ತಲೆಬರಹವನ್ನೂ ಕೊಟ್ಟು, ದೀಪಾವಳಿಗೆಂದು ಯರಗಟ್ಟಿ, ಲೋಕಾಪುರದ ದಾರಿಯ ಬಸ್ ಹತ್ತಿದೆ.

ಬಾಗಲಕೋಟೆ ಜಿಲ್ಲೆಯ ಅಮೀನಗಡದಲ್ಲಿ ಅಪ್ಪನದು ಕಿರಾಣಿ ಅಂಗಡಿ. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೂ ಹಳೆಯ ಕಬ್ಬಿಣದ ತೂಕದ ಕಲ್ಲುಗಳನ್ನು ಅಪ್ಪ ಬಿಟ್ಟಿಲ್ಲ. ಕಲ್ಲಿನ ತೂತಿಗೆ ಸೀಸ ತುಂಬಿ ಮುದ್ರೆ ಒತ್ತಿರುತ್ತಾರೆ. ಒಂದು ಕಲ್ಲಿನ ಸೀಸ ಎಂದೋ ಬಿದ್ದುಹೋಗಿ, ತೂತು ಬರಿದಾಗಿತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡುತ್ತ ಸುಮ್ಮನೆ ನನ್ನ ಫಲಿತಾಂಶ ಹೇಳಿದೆ. ಅಪ್ಪನಿಗೆ ಜೀನ್ ಎಂದರೇನೆಂದು ಗೊತ್ತಿಲ್ಲ. “ಮಾಲು ಹೆಚ್ಚು ಬಂತೆಂದರೆ ಮೊದಲು ಕಲ್ಲು ನೋಡಬೇಕವ್ವಾ, ಆಮೇಲೆ ಬೆಲ್ಲ” ಎಂದು ಹೇಳಿ ಗಿರಾಕಿಯತ್ತ ತಿರುಗಿದರು.

ಮರಳಿದವಳೇ ಕಚ್ಚಾ ಸಂಖ್ಯೆಗಳನ್ನು ತೆರೆದೆ. ಒತ್ತಡದ ಗುಂಪಿನಲ್ಲಿ ಬಿಡಿಎನ್‌ಎಫ್ ಸಿಟಿ 0.4 ಏರಿತ್ತು, ಅಂದರೆ ಜೀನ್ ಇಳಿದಿತ್ತು. ಆದರೆ ಜಿಎಪಿಡಿಎಚ್ ಸಿಟಿ 0.8 ಏರಿತ್ತು. ಕಲ್ಲು ಮಾಲಿಗಿಂತ ಹೆಚ್ಚು ಹಗುರಾಗಿತ್ತು. ಇಳಿದದ್ದು ಏರಿದಂತೆ ಕಂಡಿತ್ತು. ಜಿಎಪಿಡಿಎಚ್ ಸಕ್ಕರೆಯನ್ನು ಒಡೆಯುವ ದಾರಿಯ ಕಿಣ್ವ. ಒತ್ತಡದಲ್ಲಿ ದೇಹದ ಸಕ್ಕರೆ ಬಳಕೆಯೇ ಬದಲಾಗುವಾಗ ಇದು ಕದಲದೆ ಇರುತ್ತದೆಂದು ನಂಬಿದ್ದು ನನ್ನ ದಡ್ಡತನ. ಹೋಲಿಕೆಯ ಜೀನನ್ನು ಪರೀಕ್ಷಿಸಿಯೇ ಬಳಸಬೇಕೆಂದು ಕ್ಯೂಪಿಸಿಆರ್ ಪ್ರಯೋಗಗಳಿಗೆಂದೇ ಇರುವ 2009ರ ಎಂಐಕ್ಯೂಇ ಮಾರ್ಗಸೂಚಿಯಲ್ಲೇ ಇದೆ. ಓದಿದ್ದೆ, ಪುಟ ಮಗುಚಿದ್ದೆ.

ಅದೇ ಮಾದರಿಗಳಲ್ಲಿ ಆರು ಜೀನ್‌ಗಳನ್ನು ಅಳೆದು, ಎರಡೂ ಗುಂಪುಗಳಲ್ಲಿ ಅಲುಗದ ಎರಡನ್ನು ಆರಿಸಿ, ಅವುಗಳ ಗುಣೋತ್ತರ ಸರಾಸರಿಗೆ ಹೋಲಿಸಿದೆ. ಬಿಡಿಎನ್‌ಎಫ್ ಕಾಲು ಭಾಗದಷ್ಟು ಇಳಿದಿತ್ತು. ಇನ್ನೊಂದು ಹುಳುಕೂ ಸಿಕ್ಕಿತು: ಇಲಿಗಳು ನಿಶಾಚರಿಗಳು, ಸಂಜೆಯಾಗುತ್ತಿದ್ದಂತೆ ಅವುಗಳ ಒತ್ತಡದ ಹಾರ್ಮೋನು ತಾನಾಗಿಯೇ ಏರುತ್ತದೆ. ಮಿದುಳು ತೆಗೆಯಲು ಒಂದು ಗುಂಪನ್ನು ಬೆಳಿಗ್ಗೆ, ಇನ್ನೊಂದನ್ನು ಮಧ್ಯಾಹ್ನ ತೆಗೆದುಕೊಳ್ಳುತ್ತಿದ್ದ ನಾನು ಆಮೇಲೆ ಎರಡನ್ನೂ ಬೆಳಿಗ್ಗೆ ಒಂದರ ನಂತರ ಒಂದರಂತೆ ತೆಗೆದುಕೊಂಡು ಪ್ರಯೋಗವನ್ನು ಮತ್ತೆ ಮಾಡಿದೆ. ಐದು ತಿಂಗಳು ಹೋಯಿತು. ತಲೆಬರಹದ ‘ಏರಿಕೆ’ ಹೊಡೆದು ‘ಇಳಿಕೆ’ ಎಂದು ಬರೆದೆ.

ಜಿಎಪಿಡಿಎಚ್ ಅಳೆಯಲು ಬಳಸುವ ಪ್ರೈಮರ್ (ಚಿಕ್ಕ ಡಿಎನ್‌ಎ ತುಣುಕು) ಇನ್ನೂ ಅರ್ಧ ಶೀಷೆ ಉಳಿದಿದೆ. ಹೊಸದಾಗಿ ಸೇರಿದ ಹುಡುಗ ಮೊನ್ನೆ ಕೇಳಿದ. ಕೊಟ್ಟೆ. “ನಿನ್ನ ಇಲಿಗಳಲ್ಲಿ ಇದು ಅಲುಗುವುದಿಲ್ಲ ಎಂದು ಮೊದಲು ತೋರಿಸು ತಮ್ಮಾ” ಎಂದೆ.