ಗಾಲಿ ಅಲ್ಲಾಡಿದ್ರ ಕಿಂಗ್ ಪಿನ್ನಿಗೆ ಕೈ ಹಾಕೂಕಿಂತ ಮೊದಲು

ದಸರಾ ಮುಗದು ಸಕ್ಕರಿ ಫ್ಯಾಕ್ಟರಿ ಶುರುವಾಗೂ ಹೊತ್ತಿಗೆ ಮುಧೋಳದಾಗ ನನ್ನ ಶೆಡ್ ಮುಂದ ಹಳೇ ಲಾರಿ ಸಾಲ ಹಚ್ಚತಾವು. ಹೆಚ್ಚಿನವು ಟಾಟಾ 1613, ನಡುವ ಒಂದೆರಡು 1210. ಮಾಲಕರು ಇಳದವರನ ಹೇಳೂ ಮಾತು ಒಂದ: "ಮಿಸ್ತ್ರಿ, ಸ್ಟೇರಿಂಗ್ ಹೊಡಿಯಾಕತ್ತೈತಿ, ಕಿಂಗ್ ಪಿನ್ ಹಾಕಿಬಿಡ್ರಿ." ಕಿಂಗ್ ಪಿನ್ ಅಂದ್ರ ಮುಂದಿನ ಗಾಲಿ ಎಡಕ್ಕ ಬಲಕ್ಕ ಹೊಳ್ಳಾಕ ನಡುವ ಇರೂ ನೆಟ್ಟನ ಉಕ್ಕಿನ ಗೂಟ. ಹಾಕಾಕ ನನಗೇನ ತ್ರಾಸಿಲ್ಲ, ಮಜೂರಿ ಬರತೈತಿ. ಆದ್ರ ಸಡ್ಲ ಆಗಿದ್ದು ಹಬ್ ಬೇರಿಂಗ್ (ಗಾಲಿಯ ನಡುವಿನ ಹಬ್ಬಿನೊಳಗ ಕೂತು ಗಾಲಿ ತಿರುಗಾಕ ಬಿಡೂ ಬೇರಿಂಗ್) ಇತ್ತಂದ್ರ, ಹೊಸಾ ಕಿಂಗ್ ಪಿನ್ ಹಾಕಿದ ಮ್ಯಾಲೂ ಗಾಲಿ ಅಲ್ಲಾಡೂದು ಅಲ್ಲಾಡತೈತಿ, ರೊಕ್ಕ ಅಷ್ಟ ಹೋಗಿರತೈತಿ. ಯಾವುದು ಸಡ್ಲ ಐತಿ ಅಂತ ಬಿಚ್ಚೂಕಿಂತ ಮೊದಲ ಹಿಡೀಬಹುದು. ಅದಕ್ಕ ಒಂದು ಜಾಕ್, ಒಂದು ಹಾರಿ, ಬ್ಯಾಟರಿ (ಟಾರ್ಚ್), ಸೀಮೆಸುಣ್ಣ, ಮತ್ತ ಹೇಳಿದಂಗ ಕೇಳೂ ಒಬ್ಬ ಕ್ಲೀನರ್ ಸಾಕು.

ಪೈಲೇ ಟೈರ್ ಮ್ಯಾಲ ಅಂಗೈ ಆಡಿಸ್ರಿ. ಹೊರಗಿಂದ ಒಳಗ ಎಳದಾಗ ನುಣ್ಣಗ, ಒಳಗಿಂದ ಹೊರಗ ತಂದಾಗ ಚೂಪ ಹತ್ತಿದ್ರ ಟೋ-ಇನ್ (ಎರಡೂ ಗಾಲಿಯ ಮುಂದಿನ ಬದಿ ಒಳಗ ಹೊಳ್ಳಿದ್ದು) ಜಾಸ್ತಿ ಐತಿ. ಉಲ್ಟಾ ಹತ್ತಿದ್ರ ಟೋ-ಔಟ್ (ಹೊರಗ ಹೊಳ್ಳಿದ್ದು). ಅಲ್ಲಲ್ಲಿ ತಗ್ಗು ತಗ್ಗಾಗಿ ಸವದಿದ್ರ ಬೇರಿಂಗ್ ಸಡ್ಲ ಇರಬಹುದು, ಶಾಕ್ ಅಬ್ಸಾರ್ಬರ್ ಸತ್ತಿರಬಹುದು, ಇಲ್ಲಾ ಗಾಲಿ ಬ್ಯಾಲೆನ್ಸ್ ತಪ್ಪಿರಬಹುದು. ಗಾಡಿ ಒಂದ ಕಡೆ ಎಳೀತೈತಿ ಅನ್ನವರು ಮೊದಲು ಎರಡೂ ಗಾಲಿಯ ಗಾಳಿ ನೋಡ್ರಿ, ಆಮ್ಯಾಲ ಬ್ರೇಕ್ ನೋಡ್ರಿ. ಎಷ್ಟೋ ಗಾಡಿ ಅಲ್ಲೇ ಸುದ್ದ ಆಗತಾವು.

ಆಮ್ಯಾಲ ಗಾಡಿ ಎತ್ತಲಾರದ, ಗಾಲಿ ನೆಟ್ಟಗ ನಿಲ್ಲಿಸಿ, ಹುಡುಗನ ಕಡಿಂದ ಸ್ಟೇರಿಂಗ್ ಆಚೆ ಈಚೆ ಸಣ್ಣಗ ಅಲ್ಲಾಡಿಸ್ರಿ. ಪವರ್ ಸ್ಟೇರಿಂಗ್ ಇದ್ರ ಎಂಜಿನ್ ಚಾಲೂ ಇರಬೇಕು. ನೀವು ಕೆಳಗ ಮಲಗಿ, ಸ್ಟೇರಿಂಗ್ ಬಾಕ್ಸಿನಿಂದ ಇಳದ ಡ್ರಾಪ್ ಆರ್ಮ್‌ದಿಂದ ಶುರು ಮಾಡಿ, ಅಲ್ಲಿಂದ ಗಾಲಿ ಕಡೆ ಹೋಗೂ ಡ್ರ್ಯಾಗ್ ಲಿಂಕಿನ ಎರಡೂ ತುದಿ, ಎರಡೂ ಗಾಲಿ ಕೂಡಿಸೂ ಟೈ ರಾಡಿನ ಎರಡೂ ತುದಿ, ಒಂದೊಂದು ಜಾಯಿಂಟ್ ಮ್ಯಾಲ ಕೈ ಇಟ್ಕೊಂಡು ಹೋಗ್ರಿ. ಸವದ ಜಾಯಿಂಟ್ ಟಕ್ ಅಂತ ಕೈಗೇ ತಿಳೀತೈತಿ. ರಾಡ್ ಅಲ್ಲಾಡಿ, ಅದರ ಮುಂದಿನ ಆರ್ಮ್ ಅಲ್ಲಾಡಾಕ ಸ್ವಲ್ಪ ತಡಾ ಮಾಡಿದ್ರ ಆ ಎಂಡ್ (ರಾಡಿನ ತುದಿಯ ಜಾಯಿಂಟ್) ಹೋಗೈತಿ. ರಬ್ಬರ್ ಬೂಟ್ ಹರದಿದ್ರ ಇವತ್ತಲ್ಲ ನಾಳೆ ಹೋಗೂದ. ನಮ್ಮ ಎರಿ ಹೊಲದ ಧೂಳ ಒಳಗ ಹೊಕ್ಕು ಗ್ರೀಸಿಗೆ ಕೂಡಿದ್ರ, ವಾಲ್ವ್ ತಿಕ್ಕೂ ಪೇಸ್ಟ್ ಇದ್ದಂಗ, ಬಾಲ್ ತಿಂದ ಬಿಡತೈತಿ. ನಟ್ಟಿಗೆ, ಅದು ತಾನ ಬಿಚ್ಚದಂಗ ಹಿಡಿಯೂ ಕಾಟರ್ ಪಿನ್ ಐತೋ ಇಲ್ಲೋ ನೋಡ್ರಿ. ಪಿನ್ ಇಲ್ಲದ ಕಡೆ ಮೊಳಿ ಬಗ್ಗಿಸಿ ಹಾಕಿದ್ದು ಕಂಡ್ರ ಆ ಮಿಸ್ತ್ರಿ ಕಡೆ ಮತ್ತ ಗಾಡಿ ಒಯ್ಯಬ್ಯಾಡ್ರಿ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್, ಸ್ಟಬ್ ಆ್ಯಕ್ಸಲ್ (ಗಾಲಿ ಕೂರೂ, ಕಿಂಗ್ ಪಿನ್ ಮ್ಯಾಲ ಹೊಳ್ಳೂ ಗಿಡ್ಡ ಆ್ಯಕ್ಸಲ್), ಇವಕ್ಕ ವೆಲ್ಡಿಂಗ್ ಮುಟ್ಟಿಸಬ್ಯಾಡ್ರಿ, ಗ್ಯಾಸ್ ಹಚ್ಚಿ ನೆಟ್ಟಗ ಮಾಡಿಸಬ್ಯಾಡ್ರಿ. ಬೆಂಕಿ ಕಂಡ ಉಕ್ಕಿನ ಹದ ಹೋಗತೈತಿ. ಬಗ್ಗಿದ್ದು ಅಂದ್ರ ಬದಲಿ, ಅಷ್ಟ.

ಈಗ ಎತ್ತೂದು. ಹಿಂದಿನ ಗಾಲಿಗೆ ಎರಡೂ ಕಡೆ ಕಲ್ಲು ಕೊಡ್ರಿ. ಜಾಕ್ ಕೆಳಗ ದಪ್ಪ ಹಲಗಿ ಇರಬೇಕು; ಎರಿ ಮಣ್ಣಿನ ಮ್ಯಾಲ ಬರೇ ಜಾಕ್ ಇಟ್ರ ಭಾರ ಬಿದ್ದಂಗ ಇಳೀತ ಹೋಗತೈತಿ. ಜಾಕ್ ಕೊಡೂದು ಆ್ಯಕ್ಸಲ್ ಬೀಮಿಗೆ (ಎರಡೂ ಗಾಲಿ ನಡುವಿನ ಅಡ್ಡ ತೊಲಿ). ಚೆಸ್ಸಿಗೆ ಕೊಟ್ಟು ಎತ್ತಿದ್ರ ಪಾಟಾ (ಲೀಫ್ ಸ್ಪ್ರಿಂಗ್) ಇಳೀತಾವು, ಗಾಲಿ ನೆಲ ಬಿಡೂದರಾಗ ಜಾಕ್ ಮುಗೀತೈತಿ. ಗಾಲಿ ಎದ್ದ ಮ್ಯಾಲ ಆ್ಯಕ್ಸಲ್ ಕೆಳಗ ಸ್ಟ್ಯಾಂಡ್ ಇಲ್ಲಾ ಗಟ್ಟಿ ಕಟಗಿ ದಿಮ್ಮಿ ಇಡ್ರಿ, ಬರೇ ಜಾಕ್ ನಂಬಿ ಕೆಳಗ ಹೋಗಬ್ಯಾಡ್ರಿ.

ಗಾಲಿಯ ಮ್ಯಾಲೊಂದು ಕೈ, ಕೆಳಗೊಂದು ಕೈ ಹಿಡದು ಒಂದ ಸಲ ದೂಡ್ರಿ, ಒಂದ ಸಲ ಜಗ್ರಿ. ಕೈಗೆ ಸಾಲದಿದ್ರ ಟೈರ್ ಕೆಳಗ ಹಾರಿ ಹಾಕ್ರಿ. ಆಟ (ಸಡ್ಲ ಇದ್ದುದರ ಅಲ್ಲಾಟ) ಕಂಡ್ತು ಅನ್ನೂಣು. ಈಗ ಹುಡುಗಗ ಬ್ರೇಕ್ ಒತ್ತಿ ಹಿಡಿ ಅನ್ರಿ. ಮತ್ತ ಅಲ್ಲಾಡಿಸ್ರಿ. ಬ್ರೇಕ್ ಒತ್ತಿದಾಗ ಆಟ ಹೋದ್ರ ಅದು ಹಬ್ ಬೇರಿಂಗ್, ಯಾಕಂದ್ರ ಲೈನರ್ ಡ್ರಮ್ ಹಿಡಕೊಂಡು ಹಬ್ಬನ್ನ ಸ್ಟಬ್ ಆ್ಯಕ್ಸಲಿಗೆ ಕಟ್ಟಿದಂಗ ಆತು. ಬ್ರೇಕ್ ಒತ್ತಿದ್ರೂ ಆಟ ಹಂಗ ಉಳದ್ರ ಅದು ಕಿಂಗ್ ಪಿನ್, ಇಲ್ಲಾ ಅದರ ಬುಶ್ (ಪಿನ್ ಕೂರೂ ಕೊಳವಿ). ಆಗ ಬ್ಯಾಟರಿ ಹಿಡದು ಬೀಮಿನ ತುದಿ ಮತ್ತ ಸ್ಟಬ್ ಆ್ಯಕ್ಸಲಿನ ಕಿವಿ ನಡುವ ನೋಡ್ರಿ, ಅಲ್ಲೇ ಅಲ್ಲಾಡೂದು ಕಣ್ಣಿಗೆ ಕಾಣತೈತಿ. ಏರ್ ಬ್ರೇಕ್ ಗಾಡಿ ಇದ್ರ ಟಾಕಿಯೊಳಗ ಏರ್ ತುಂಬಿರಬೇಕು, ಇಲ್ಲಂದ್ರ ಬ್ರೇಕ್ ಹಿಡಿಯಂಗಿಲ್ಲ, ಪರೀಕ್ಷೆನ ಸುಳ್ಳಾಗತೈತಿ. ಹಾರಿಲೆ ಗಾಲಿ ನೆಟ್ಟಗ ಮ್ಯಾಲೆತ್ತಿದಾಗ ಸ್ಟಬ್ ಎದ್ದು ಕುಂತ್ರ ಗಾಡಿಯ ಭಾರ ಹೊರೂ ಥ್ರಸ್ಟ್ ಬೇರಿಂಗ್ ನೋಡಬೇಕು. ಅದು ಚಲೋ ಇದ್ರ ಶಿಮ್ (ಸಂದು ತುಂಬೂ ತೆಳು ಬಿಲ್ಲೆ) ಹಾಕಿದ್ರ ಸಾಕು, ಪಿನ್ ಬದಲಿಸೂದ ಬ್ಯಾಡ. ಗಾಲಿ ಎಡಬಲ ಹಿಡದು ಅಲ್ಲಾಡಿಸಿದಾಗ ಅಷ್ಟ ಆಟ ಬಂದ್ರ ಮತ್ತ ಟೈ ರಾಡ್ ಎಂಡ್ ಕಡೆ ಹೋಗ್ರಿ.

ಬೇರಿಂಗ್ ಅಂತ ಗೊತ್ತಾತು, ಆದ್ರ ಬರೇ ನಟ್ ಬಿಗಿ ಮಾಡಿ ಕಳಿಸಬ್ಯಾಡ್ರಿ. ಗಾಲಿ ತಿರುವಿ, ಪಾಟಾದ ಮ್ಯಾಲ ಕೈ ಇಟ್ಟು ನೋಡ್ರಿ. ಗರಗರ ಅಂದ್ರ ಬಿಚ್ಚಲೇಬೇಕು. ಒಳಗಿನ ಗ್ರೀಸ್ ಹಾಲಿನಂಗ ಬೆಳ್ಳಗಾಗಿದ್ರ ನೀರ ಹೊಕ್ಕೈತಿ. 2019ರ ಆಗಸ್ಟಿನಾಗ ಘಟಪ್ರಭಾ ಉಕ್ಕಿ ಬಂದಾಗ ನೀರಾಗ ನಿಂತ ಗಾಡಿಗಳ ಹಬ್ ಬಿಚ್ಚಿದ್ರ ಇದ ಕಥಿ. ಹೊರಗ ಒಣಗಿತ್ತು, ಒಳಗ ರೋಲರಿಗೆ ಜಂಗು ಹತ್ತಿತ್ತು. ಹಬ್ ಮುಳುಗೂವಷ್ಟು ನೀರ ದಾಟಿದ ಗಾಡಿಗೆ ಮುಹೂರ್ತ ನೋಡಬ್ಯಾಡ್ರಿ, ಬಿಚ್ಚಿಬಿಡ್ರಿ. ಗ್ರೀಸಿನಾಗ ಮಿಂಚು ಕಂಡ್ರ ಲೋಹ ಉದುರಾಕತ್ತೈತಿ. ರೋಲರ್ ನೀಲಿ ತಿರುಗಿದ್ರ ಬೇರಿಂಗ್ ಕಾದೈತಿ.

ತೊಳದ ಬೇರಿಂಗ್ ಮ್ಯಾಲ ಕಂಪ್ರೆಸರ್ ಗಾಳಿ ಬಿಟ್ಟು ಗಿರ್ ಅಂತ ತಿರುಗಿಸೂ ಹುಡುಗರ ಕೈಯಾಗಿಂದ ಅದನ್ನ ಕಸಗೊಳ್ರಿ. ಗ್ರೀಸ್ ಇಲ್ಲದ ತಿರುಗಿ ರೋಲರ್ ಕೆಡತಾವು, ಸಿಡದು ಕಣ್ಣಿಗೂ ಬೀಳಬಹುದು. ಬೇರಿಂಗ್ ಹೋಗಿದ್ರ ಕಪ್ (ಹೊರಗಿನ ಬಳಿ) ಮತ್ತ ಕೋನ್ (ರೋಲರ್ ಇರೂ ಒಳಗಿನ ಭಾಗ) ಜೋಡಿ ಬದಲಿಸ್ರಿ, ಆಯಿಲ್ ಸೀಲ್ ಹೊಸಾದು ಹಾಕ್ರಿ. ಹಳೇ ಗ್ರೀಸ್ ಪೂರ್ತಿ ತೊಳದು ಲಿಥಿಯಂ ಗ್ರೀಸ್ ತುಂಬ್ರಿ, ಎರಡು ಜಾತಿ ಗ್ರೀಸ್ ಕೂಡಿಸಬ್ಯಾಡ್ರಿ. ತುಂಬೂದಂದ್ರ ಮ್ಯಾಲ ಸವರೂದಲ್ಲ: ಅಂಗೈಯಾಗ ಗ್ರೀಸ್ ಇಟ್ಕೊಂಡು ಬೇರಿಂಗಿನ ದಪ್ಪ ಬದಿ ಅದಕ್ಕ ಒತ್ತಿ ಒತ್ತಿ, ಇನ್ನೊಂದ ಬದಿಗೆ ಗ್ರೀಸ್ ಹೊರಗ ಬರೂತನಕ. ಜೋಡಿಸೂವಾಗ ಗಾಲಿ ತಿರುವಿಕೋತ ನಟ್ ಬಿಗಿ ಮಾಡ್ರಿ, ಗಾಲಿ ಭಾರ ಅನಿಸಿದ ಕೂಡಲೇ ಕಂಪನಿ ಪುಸ್ತಕದಾಗ ಹೇಳಿದಷ್ಟು ಹಿಂದ ಬಿಟ್ಟು ಲಾಕ್ ಮಾಡ್ರಿ. ಭಾಳ ಬಿಗಿ ಆದ ಬೇರಿಂಗ್ ಸಡ್ಲ ಇದ್ದುದಕ್ಕಿಂತ ಲಗೂನ ಸುಡತೈತಿ. ಒಂದಷ್ಟು ಓಡಿಸಿ ಬಂದು ಹಬ್ ಹತ್ರ ಕೈ ಒಯ್ರಿ. ಎರಡೂ ಕಡೆ ಬಿಸಿ ಒಂದ ನಮೂನಿ ಇರಬೇಕು.

ಇನ್ನ ಕಿಂಗ್ ಪಿನ್ನ ಅಂತ ಖಾತ್ರಿ ಆದ್ರ ಪಿನ್, ಬುಶ್, ಥ್ರಸ್ಟ್ ಬೇರಿಂಗ್ ಪೂರಾ ಕಿಟ್ ಹಾಕ್ರಿ, ಎರಡೂ ಕಡೆ ಹಾಕ್ರಿ. ಬುಶ್ ಹಾಕಿದ ಮ್ಯಾಲ ಮ್ಯಾಲಿಂದು ಕೆಳಗಿಂದು ಎರಡನ್ನೂ ಒಂದ ಗೆರಿಯಾಗ ರೀಮರ್ (ತೂತು ಅಳತಿಗೆ ತರೂ ಹತ್ಯಾರ) ಹೊಡಸಬೇಕು. ಬಿಗಿ ಉಳದ್ರ ತಿರುವಿದ ಸ್ಟೇರಿಂಗ್ ತಾನ ವಾಪಸ್ ಬರಂಗಿಲ್ಲ. ಹಳೇ ಬುಶ್ಶಿನೊಳಗ ಡಬ್ಬಿ ತಗಡ ಕತ್ತರಿಸಿ ತುರುಕಿದ್ದು ನಾ ಬಿಚ್ಚಿದ ಗಾಡಿಯಾಗ ಸಿಗೂದುಂಟು. ಪಾಸಿಂಗ್ (ಸರ್ಕಾರದ ಫಿಟ್ನೆಸ್ ತಪಾಸಣಿ) ದಿವಸ ಗಾಲಿ ಅಲ್ಲಾಡಂಗಿಲ್ಲ ಖರೇ. ನಾಕು ಲೋಡ್ ಕಬ್ಬು ಹೇರೂದರಾಗ ತಗಡ ಪುಡಿ ಆಗಿ ಪಿನ್ನನ್ನೂ ಕೆರದಿರತೈತಿ.

ಗ್ರೀಸ್ ಸರಿಯಾಗಿ ಹೊಡದಿದ್ರ ಇಷ್ಟ ದೂರ ಬರೂದ ಇಲ್ಲ. ನಿಪ್ಪಲ್ (ಗ್ರೀಸ್ ಹೊಗೂ ಸಣ್ಣ ಮೂತಿ) ಅರಬಿಲೆ ಒರಸಿ ಆಮ್ಯಾಲ ಗನ್ ಹಚ್ಚರಿ, ಇಲ್ಲಂದ್ರ ಮಣ್ಣನ್ನ ನೀವ ಒಳಗ ದೂಡಿದಂಗ. ಕಿಂಗ್ ಪಿನ್ನಿಗೆ ಗಾಲಿ ಎತ್ತಿ ಹೊಡೀರಿ, ಭಾರ ಇಳದಾಗ ಥ್ರಸ್ಟ್ ಬೇರಿಂಗಿಗೂ ಗ್ರೀಸ್ ಮುಟ್ಟತೈತಿ. ಹೊಡಕೋತ ಸ್ಟೇರಿಂಗ್ ಈ ತುದಿಯಿಂದ ಆ ತುದಿ ತಿರುವಸ್ರಿ. ಕರೀ ಗ್ರೀಸ್ ಹೋಗಿ ಹೊಸಾದು ಹೊರಗ ಕಾಣೂತನಕ ನಿಲ್ಲಸಬ್ಯಾಡ್ರಿ. ಬರಲೇ ಇಲ್ಲಂದ್ರ ನಿಪ್ಪಲ್ ಕಟ್ಟೈತಿ, ಹೊಸಾದು ಹಾಕ್ರಿ.

ಪಾಟಾ ಕಡೆ ಬಂದ್ರ, ಬ್ರಶ್ಶಿಲೆ ಮಣ್ಣ ತಿಕ್ಕಿ ಒಂದೊಂದು ಎಲಿ ನೋಡ್ರಿ. ಅಡ್ಡ ಕೆಂಪ ಜಂಗಿನ ಗೆರಿ ಕಂಡ್ರ ಅಲ್ಲೇ ಸೀಳೈತಿ. ಎಲಿ ಎಲ್ಲಾ ಕೂಡಿಸಿ ಹಿಡಿಯೂ ಸೆಂಟರ್ ಬೋಲ್ಟ್ ಮುರದ್ರ ಆ್ಯಕ್ಸಲ್ ಹಿಂದ ಮುಂದ ಸರೀತೈತಿ. ಮುಂದಿನ ಹಬ್ಬಿನ ನಡುವಿಂದ ಹಿಂದಿನ ಹಬ್ಬಿನ ನಡುವಿಗೆ ಎರಡೂ ಕಡೆ ಟೇಪ್ ಹಿಡದ್ರ ಗೊತ್ತಾಗತೈತಿ. ಪಾಟಾದ ತುದಿ ಹಿಡಿಯೂ ಶ್ಯಾಕಲ್ ಪಿನ್ ಕಿರ್ರ್ ಅಂದ್ರ ಗ್ರೀಸ್ ಕಂಡಿಲ್ಲ.

ಕಡೀಗೆ ಟೋ. ಎಂಡ್, ಪಿನ್, ಬೇರಿಂಗ್ ಎಲ್ಲಾ ಬಿಗಿ ಆಗೂತನಕ ಅದನ್ನ ಅಳೀಬ್ಯಾಡ್ರಿ, ಸಡ್ಲ ಗಾಡಿಯ ಅಳತಿ ಸುಳ್ಳು. ಎತ್ತಿದ ಗಾಲಿ ತಿರುವಿಕೋತ ಟೈರಿನ ನಡುವ ಸೀಮೆಸುಣ್ಣ ಹಚ್ಚಿ, ಅದರ ಮ್ಯಾಲ ಮೊಳಿಲೆ ಸಣ್ಣ ಗೆರಿ ಕೊರೀರಿ. ಗಾಡಿ ಕೆಳಗಿಳಿಸಿ, ಸ್ವಲ್ಪ ಮುಂದ ದೂಡಿ, ಹಬ್ಬಿನ ಎತ್ತರಕ್ಕ ಎರಡೂ ಗೆರಿ ನಡುವಿನ ಅಂತರ ಗಾಲಿಯ ಮುಂದೊಮ್ಮೆ, ಹಿಂದೊಮ್ಮೆ ಅಳೀರಿ. ಮುಂದಿಂದು ಕಡಿಮಿ ಇದ್ದಷ್ಟು ಟೋ-ಇನ್. ಎಷ್ಟಿರಬೇಕು ಅನ್ನೂದು ನಿಮ್ಮ ಮಾಡೆಲ್ಲಿನ ಪುಸ್ತಕದಾಗ ಐತಿ. ಬಾಜು ಗಾಡಿಯವ ಹೇಳಿದ್ದ ಹಿಡೀಬ್ಯಾಡ್ರಿ, ಅವಂದು ರೇಡಿಯಲ್ ಟೈರ್ ಇದ್ದು ನಿಮ್ದು ನೈಲಾನ್ ಇರಬಹುದು. ಟೈ ರಾಡ್ ತಿರುವಿ ಕೂಡಿಸಿದ ಮ್ಯಾಲ ಕ್ಲ್ಯಾಂಪ್ ಬೋಲ್ಟ್ ಬಿಗಿ ಮಾಡೂದು ಮರೀಬ್ಯಾಡ್ರಿ. ಪಾಟಾ ಬಿಚ್ಚಿದ್ದಿದ್ರ ಅದನ್ನ ಆ್ಯಕ್ಸಲಿಗೆ ಬಿಗಿಯೂ ಯು-ಬೋಲ್ಟ್ ಹೊಸಾವು ಹಾಕ್ರಿ, ಮತ್ತ ಮೊದಲನೇ ಲೋಡ್ ಫ್ಯಾಕ್ಟರಿಗೆ ಒಯ್ಯೂವಾಗ, ಯಾರ್ಡಿನಾಗ ಪಾಳಿಗೆ ನಿಂತ ಹೊತ್ತಿನಾಗ, ಲೋಡ್ ಇದ್ದಂಗ ಒಂದ ಸಲ ಪಾನಾ ಹಾಕಿ ಬಿಗಿ ನೋಡ್ರಿ.